ಬ್ರೇಕ್ ಒತ್ತಿದರೆ ನಿಲ್ಲುವ ಶಬ್ದ

ಆ ಕಾರಿನಲ್ಲಿ ಬ್ರೇಕ್ ಪೆಡಲ್ಲು ಎರಡು, ಕ್ಲಚ್ ಪೆಡಲ್ಲೂ ಎರಡು. ಒಂದು ಜೊತೆ ಓಡಿಸುವವರ ಕಾಲಿಗೆ, ಇನ್ನೊಂದು ಜೊತೆ ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೆ. ಭದ್ರಾವತಿಯ ನ್ಯೂ ಟೌನಿನಲ್ಲಿ ಡ್ರೈವಿಂಗ್ ಕಲಿಸುವ ಒಬ್ಬ ಹೆಣ್ಣುಮಗಳ ಕಾರು ಅದು. ಹದಿನಾಲ್ಕು ವರ್ಷದ ಬಿಳಿ ಬಣ್ಣದ ಸಣ್ಣ ಕಾರು, ಹಿಂದೆ ಮುಂದೆ ಕೆಂಪು ಅಕ್ಷರದಲ್ಲಿ ದೊಡ್ಡದೊಂದು ‘ಎಲ್’. ಊರಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ.

ನನ್ನ ಗ್ಯಾರೇಜು ಇರುವುದು ಶಿವಮೊಗ್ಗದಲ್ಲಿ, ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ. ಭದ್ರಾವತಿಯಲ್ಲಿ ಗ್ಯಾರೇಜುಗಳಿಗೇನು ಬರವಿಲ್ಲ. ಆದರೂ ಟೀಚರ್ ಅಷ್ಟು ದೂರದಿಂದ ನನ್ನ ಹತ್ತಿರವೇ ಬರುತ್ತಿದ್ದರು. ಅದು ನನಗೆ ಒಳಗೊಳಗೇ ಜಂಭದ ವಿಷಯವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಸೋಮವಾರ ಬೆಳಿಗ್ಗೆ ನಾನಿನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಟೀಚರ್ ಕಾರು ತಂದು ಬಾಗಿಲಿಗೇ ನಿಲ್ಲಿಸಿದರು.

“ಸರ್, ಬ್ರೇಕಿಂದ ಗರಗರ ಅಂತ ಶಬ್ದ ಬರ್ತಿದೆ. ನಾಲ್ಕು ತಿಂಗಳಿಂದ ಸಣ್ಣಗೆ ಬರ್ತಿತ್ತು, ಹಳೇ ಗಾಡಿ ಅಲ್ವಾ ಅಂತ ಸುಮ್ನಿದ್ದೆ. ಈಗ ಕಲ್ಲು ಅರೆದಂಗೆ ಬರುತ್ತೆ. ಶುಕ್ರವಾರ ಟೆಸ್ಟಿದೆ, ಅಷ್ಟರೊಳಗೆ ಸರಿ ಮಾಡಿ ಕೊಡ್ಬೇಕು.”

“ಶುಕ್ರವಾರ ಯಾಕೆ, ನಾಳೆನೇ ತಗೊಳ್ಳಿ,” ಎಂದೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಕಾರನ್ನು ಒಂದು ಸುತ್ತು ಓಡಿಸಿ ನೋಡಿದೆ. ಶಬ್ದ ಬರಲಿಲ್ಲ. ಇನ್ನೊಂದು ಸುತ್ತು ಹೋದೆ, ಜೋರಾಗಿ ಬ್ರೇಕ್ ಹಾಕಿದೆ, ಮೆಲ್ಲಗೆ ಹಾಕಿದೆ, ಎಡಕ್ಕೆ ತಿರುಗಿಸುತ್ತಾ ಹಾಕಿದೆ, ಬಲಕ್ಕೆ ತಿರುಗಿಸುತ್ತಾ ಹಾಕಿದೆ. ಜಪ್ಪಯ್ಯ ಅಂದರೂ ಶಬ್ದ ಇಲ್ಲ. ಆದರೂ ಮುಂದಿನ ಚಕ್ರ ಬಿಚ್ಚಿದರೆ ಕಾರಣ ಎದುರಿಗೇ ಕೂತಿತ್ತು. ಎರಡೂ ಕಡೆ ಬ್ರೇಕ್ ಪ್ಯಾಡುಗಳು ಬಿಸ್ಕತ್ತಿನ ಹಾಗೆ ತೆಳ್ಳಗಾಗಿದ್ದವು. ಪ್ಯಾಡುಗಳು ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆಯ, ಅಂದರೆ ಎಡಗಡೆಯ ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಇದಕ್ಕಿಂತ ಇನ್ನೇನು ಬೇಕು? ಕೇಸು ಮುಗಿಯಿತು ಎಂದುಕೊಂಡೆ.

ಡಿಸ್ಕುಗಳನ್ನು ಲೇತಿನ ಮೇಲೆ ಹಾಕಿ ಸಮ ಮಾಡಿಸಬೇಕಿತ್ತು. ಆ ಕೆಲಸಕ್ಕೆ ನಾನು ನಂಬುವುದು ಭದ್ರಾವತಿ ಓಲ್ಡ್ ಟೌನಿನ ಒಬ್ಬ ಟರ್ನರನ್ನು ಮಾತ್ರ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಮನೆಯ ಮುಂದಿನ ಶೆಡ್ಡಿನಲ್ಲೇ ಲೇತ್ ಇಟ್ಟುಕೊಂಡಿದ್ದಾರೆ. ಮನೆಮಾತು ತಮಿಳು, ಬೈಯುವುದು ಕನ್ನಡದಲ್ಲಿ. ಡಿಸ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದರು.

“ಏನ್‌ಪಾ, ಎಂಥಾ ಶಬ್ದ ಅಂದೆ?”

“ಕಲ್ಲು ಅರೆದಂಗಂತೆ.”

“ಈ ಗೀರಿಗೆ ಅಷ್ಟು ಶಬ್ದ ಬರಲ್ಲಪ್ಪಾ. ಇದು ಕಿಸ್ ಅನ್ಬಹುದು, ಗರ್ ಅನ್ನಲ್ಲ. ನೀನು ಕೇಳಿದ್ಯಾ ಶಬ್ದನ?”

“ನೀವು ಡಿಸ್ಕ್ ಹೊಡೀರಿ ಅಣ್ಣಾ, ಶಬ್ದ ನಾನು ನೋಡ್ಕೋತೀನಿ,” ಎಂದೆ.

ಅವರು ನಕ್ಕು ಲೇತ್ ಹಚ್ಚಿದರು. ಆ ನಗುವಿಗೆ ಏನಾದರೂ ಅರ್ಥ ಇತ್ತೇ ಎಂದು ನಾನು ಯೋಚಿಸಲೂ ಇಲ್ಲ. ಹೊಸ ಪ್ಯಾಡು ಕೂರಿಸಿದೆ, ಸವೆದ ಡಿಸ್ಕು ಕನ್ನಡಿಯ ಹಾಗಾಗಿತ್ತು, ಬ್ರೇಕ್ ಎಣ್ಣೆ ಬದಲಿಸಿ ಅದರ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದೆ. ಮಂಗಳವಾರ ಸಂಜೆ ಟೀಚರ್ ಬಸ್ಸಿನಲ್ಲಿ ಬಂದು, ಕಾರು ತೆಗೆದುಕೊಂಡು ಸಂತೋಷವಾಗಿ ಹೋದರು. ನಾನು ಇನ್ನೂ ಸಂತೋಷವಾಗಿ ಮಿರ್ಚಿ ತಿನ್ನಲು ಹೋದೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರು ಮತ್ತೆ ನನ್ನ ಬಾಗಿಲಲ್ಲಿತ್ತು. ಈ ಸಲ ಟೀಚರ್ ಒಬ್ಬರೇ ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದರು. ಓಲ್ಡ್ ಟೌನಿನ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುವವರು. ಶುಕ್ರವಾರದ ಟೆಸ್ಟು ಅವರದೇ.

“ಸರ್, ಬೆಳಿಗ್ಗೆ ಕ್ಲಾಸಲ್ಲಿ ಮತ್ತೆ ಅದೇ ಶಬ್ದ. ಕ್ಲಾಸ್ ಅರ್ಧಕ್ಕೆ ಬಿಟ್ಟು ಇವರನ್ನ ಕೂರಿಸಿಕೊಂಡೇ ಬಂದೆ. ಇಲ್ಲಿಗೆ ಬರೋ ತನಕ ಒಂದು ಸಲನೂ ಬರ್ಲಿಲ್ಲ ನೋಡಿ!”

ನಾನು ಓಡಿಸಿದೆ. ಬರಲಿಲ್ಲ. ಟೀಚರನ್ನೇ ಕೂರಿಸಿ ಓಡಿಸಿದೆ. ಬರಲಿಲ್ಲ. ಮುಂದಿನ ಚಕ್ರ ಬಿಚ್ಚಿ ನೋಡಿದೆ, ಎಲ್ಲ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ನನಗೆ ಕೋಪ ಬಂತು. ಕಾರಣ ಸಿಗದಿದ್ದಾಗ ನನಗೆ ಬರುವುದು ಕೋಪವೇ, ಬೇರೆ ಏನೂ ಅಲ್ಲ.

“ಟೀಚರ್, ಬೇಜಾರು ಮಾಡ್ಕೋಬೇಡಿ. ನಾನು ಓಡಿಸಿದ್ರೆ ಶಬ್ದ ಇಲ್ಲ, ನೀವು ಓಡಿಸಿದ್ರೂ ಇಲ್ಲ. ಕಲಿಯೋರು ಓಡಿಸಿದ್ರೆ ಮಾತ್ರ ಬರುತ್ತೆ ಅಂದ್ರೆ ತಪ್ಪು ಗಾಡೀದಲ್ಲ. ಹೆದ್ರಿಕೊಂಡು ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತಾರೆ. ಇನ್ನೇನಾಗುತ್ತೆ?”

ಹಿಂದಿನ ಸೀಟಿನಿಂದ ಹೂವಿನಮ್ಮ ಮೆಲ್ಲಗೆ, “ಅಣ್ಣಾ, ಆ ಶಬ್ದ ಬ್ರೇಕ್ ಒತ್ತಿದ್ರೆ…” ಎಂದು ಏನೋ ಹೇಳಲು ಹೊರಟರು.

“ಅದನ್ನೇ ಹೇಳ್ತಿರೋದು ಅಮ್ಮಾ. ಬ್ರೇಕ್ ಸುಮ್ನೆ ಸುಮ್ನೆ ಒತ್ತಬೇಡಿ,” ಎಂದು ನಾನು ಬಾಯಿ ಮುಚ್ಚಿಸಿಬಿಟ್ಟೆ.

ಅವರು ತಲೆ ತಗ್ಗಿಸಿದರು. ಟೀಚರ್ ನನ್ನನ್ನು ಒಂದು ತರಹ ನೋಡಿ, “ಹಿಂದಿನ ಬ್ರೇಕೂ ಒಂದ್ಸಲ ಬಿಚ್ಚಿ ನೋಡಿಬಿಡಿ ಸರ್, ನನ್ನ ಸಮಾಧಾನಕ್ಕೆ,” ಎಂದರು.

ಹಿಂದಿನ ಚಕ್ರಗಳದ್ದು ಡ್ರಮ್ ಬ್ರೇಕು. ಮಡಕೆಯ ಹಾಗಿರುವ ಕಬ್ಬಿಣದ ಡ್ರಮ್ಮು, ಅದರೊಳಗೆ ಅರ್ಧಚಂದ್ರದ ಹಾಗೆ ಎರಡು ಶೂಗಳು. ಕಾಲಿನ ಬ್ರೇಕ್ ಒತ್ತಿದರೂ, ಕೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದರೂ ಆ ಶೂಗಳು ಅಗಲವಾಗಿ ಡ್ರಮ್ಮನ್ನು ಹಿಡಿಯುತ್ತವೆ. ಎರಡೂ ಕಡೆ ಬಿಚ್ಚಿ ನೋಡಿದೆ. ಶೂಗಳು ದಪ್ಪಗೇ ಇದ್ದವು. ಬಲಗಡೆಯ ಡ್ರಮ್ಮಿನ ತಳದಲ್ಲಿ, ಶೂ ಮುಟ್ಟಬಾರದ ಜಾಗದಲ್ಲಿ, ಬಳೆಯಷ್ಟು ಗುಂಡಗೆ ಹೊಳೆಯುವ ಒಂದು ಗೆರೆ ಕಂಡಿತು. ಹಳೇ ಗಾಡಿ, ಏನೋ ತಾಗಿರಬೇಕು ಎಂದುಕೊಂಡೆ. ಧೂಳು ಊದಿ, ಉಪ್ಪು ಕಾಗದದಿಂದ ಉಜ್ಜಿ, ಮುಚ್ಚಿ ಕಳಿಸಿದೆ. ಆ ಗೆರೆಯ ಮುಂದೆ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತು ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಟೀಚರ್ ಧ್ವನಿ ಸಪ್ಪಗಿತ್ತು.

“ಸರ್, ಇವತ್ತು ಕಾಲುವೆ ಸೇತುವೆ ಏರಲ್ಲಿ ಶಬ್ದ ಬಂದಿದ್ದೇ ಬಂದಿದ್ದು, ನಮ್ಮ ಹೂವಿನಮ್ಮ ಗಾಡಿ ಅಲ್ಲೇ ನಿಲ್ಲಿಸಿ ಇಳಿದುಬಿಟ್ರು. ಇನ್ನು ಹತ್ತಲ್ಲ ಅಂತ ಕಲ್ಲುಬೆಂಚ್ ಮೇಲೆ ಕೂತಿದಾರೆ.”

“ಗಾಡಿ ಇಲ್ಲಿಗೆ ತನ್ನಿ…” ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿತು.

“ಅಣ್ಣಾ, ನಾನು ಹೂವಿನೋಳು. ಅಲ್ಲಾ, ನಿಮ್ಮತ್ರ ತಂದ್ರೆ ಅದು ಬಾಯೇ ಬಿಡಲ್ಲ, ನನ್ ಕೈಗೆ ಬಂದ್ರೆ ಅರಚ್ಕೊಳ್ಳುತ್ತೆ. ಎರಡು ಸಲ ಫೇಲಾಗಿದೀನಿ. ಏರಲ್ಲಿ ನಿಲ್ಸು ಅಂತಾರೆ, ನಿಲ್ಲಿಸ್ತೀನಿ. ಹೊರಡು ಅಂತಾರೆ, ಹೊರಟ್ರೆ ಗರ್ ಅನ್ನುತ್ತೆ, ನನ್ ಕಾಲು ಬ್ರೇಕಿಗೆ ಹೋಗುತ್ತೆ, ಗಾಡಿ ಆಫು. ನಾಡಿದ್ದು ಶನಿವಾರ ನನ್ ಎಲ್ಲೆಲ್, ಆ ಕಲಿಯೋರ ಲೈಸೆನ್ಸು, ಮುಗೀತದೆ. ಮತ್ತೆ ಮೊದಲಿಂದ ಅರ್ಜಿ ಹಾಕ್ಕೊಂಡು ಕೂರೋ ತ್ರಾಣ ನನಗಿಲ್ಲ. ನಾಳೆ ಆಗ್ಲಿಲ್ಲ ಅಂದ್ರೆ ವ್ಯಾನು ಮಾರ್ತೀನಿ, ಅಷ್ಟೇ.”

ವ್ಯಾನಿನ ವಿಷಯ ಟೀಚರ್ ಆಮೇಲೆ ಹೇಳಿದರು. ಹೊಳಲೂರು ಕಡೆಯ ಬೆಳೆಗಾರರಿಂದ ಈಕೆಗೆ ಸೇವಂತಿಗೆ ಬರುತ್ತದೆ. ತರುವ ಬಾಡಿಗೆ ಗಾಡಿಯವನು ತನ್ನ ಇಷ್ಟ ಬಂದಾಗ ಬರುತ್ತಾನೆ. ಬೇರೆಯವರ ಬುಟ್ಟಿ ಖಾಲಿಯಾದ ಮೇಲೆ ಇವರ ಹೂವು ಮಾರ್ಕೆಟ್ಟು ಮುಟ್ಟುತ್ತದೆ. ರೋಸಿಹೋಗಿ ಅವರೇ ಒಂದು ಸೆಕೆಂಡ್ ಹ್ಯಾಂಡ್ ವ್ಯಾನು ಕೊಂಡು ಮನೆ ಮುಂದೆ ನಿಲ್ಲಿಸಿದ್ದಾರೆ. ದಿನಾ ಬೆಳಿಗ್ಗೆ ಅದಕ್ಕೊಂದು ಮೊಳ ಹೂವು ಮುಡಿಸುತ್ತಾರೆ, ಓಡಿಸಲು ಲೈಸೆನ್ಸ್ ಇಲ್ಲ.

ಫೋನಿಟ್ಟೆ. ಇಷ್ಟು ದಿನ ನಾನು ಮಾಡಿದ್ದೇನು? ಕಾಯಿಲೆಯವರನ್ನು ನನ್ನ ಮನೆಗೆ ಕರೆಸಿಕೊಂಡು, ಇಲ್ಲಿ ಕೆಮ್ಮಲಿಲ್ಲ ಎಂದು ವಾಪಸ್ ಕಳಿಸಿದ್ದೆ. ಶಬ್ದ ಇರುವುದು ಭದ್ರಾವತಿಯಲ್ಲಿ, ಆ ಏರಿನಲ್ಲಿ, ಆ ಹೆಂಗಸಿನ ಕೈಯಲ್ಲಿ. ನಾನೇ ಅಲ್ಲಿಗೆ ಹೋಗಬೇಕು. ಕೈಯಲ್ಲಿದ್ದ ಬೇರೆ ಕೆಲಸದ ಗಿರಾಕಿಗೆ ಫೋನ್ ಮಾಡಿ ಬೈಸಿಕೊಂಡು, ಶಟರ್ ಎಳೆದು, ಸ್ಪ್ಯಾನರ್ ಚೀಲ ಬೈಕಿಗೆ ಕಟ್ಟಿದೆ.

ನ್ಯೂ ಟೌನಿನ ರಸ್ತೆಗಳು ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿವೆ, ನೇರವಾಗಿ, ಅಗಲವಾಗಿ, ಎರಡೂ ಕಡೆ ಮರ. ಹೂವಿನಮ್ಮ ಇನ್ನೂ ಆ ಕಲ್ಲುಬೆಂಚಿನ ಮೇಲೇ ಕೂತಿದ್ದರು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು.

“ಅಮ್ಮಾ, ನೀವು ಓಡಿಸಿ. ನಾನು ಹಿಂದೆ ಕೂರ್ತೀನಿ. ಬಾಯಿ ಬಿಡಲ್ಲ,” ಎಂದೆ.

“ನಾನು ಹತ್ತಲ್ಲ ಅಂದ್ನಲ್ಲ.”

“ನಂಗೋಸ್ಕರ ಹತ್ತಿ ಮಾರಾಯ್ತಿ. ಅದರ ಬಾಯಿಂದ ಆ ಶಬ್ದ ಒಂದ್ಸಲ ಕೇಳಬೇಕು, ಇಲ್ಲಾಂದ್ರೆ ನಂಗೆ ಹುಚ್ಚು ಹಿಡಿಯುತ್ತೆ.”

ಟೀಚರ್ ನಕ್ಕರು. ಹೂವಿನಮ್ಮ ನಗಲಿಲ್ಲ, ಆದರೆ ಎದ್ದರು.

ನಾನು ಎಷ್ಟೋ ಬ್ರೇಕ್ ಇಲ್ಲದ ಗಾಡಿ ಓಡಿಸಿದ್ದೇನೆ, ಹೆದರಿದ್ದಿಲ್ಲ. ಕಲಿಯುವವರ ಹಿಂದಿನ ಸೀಟಿನಲ್ಲಿ ಕೂತ ಆ ಹದಿನೈದು ನಿಮಿಷ ಮಾತ್ರ ಜೀವ ಬಾಯಿಗೆ ಬಂದಿತ್ತು. ಹೂವಿನಮ್ಮ ಹೊರಟಾಗ ನನ್ನ ಕುತ್ತಿಗೆ ಹಿಂದಕ್ಕೆ, ಗೇರ್ ಬದಲಿಸಿದಾಗ ಮುಂದಕ್ಕೆ. ಎದುರಿಗೆ ಒಂದು ಎಮ್ಮೆ ಬಂತು. ಎಮ್ಮೆಗೆ ಅಭ್ಯಾಸವಾಗಿತ್ತೋ ಏನೋ, ಅದೇ ರಸ್ತೆ ಬಿಟ್ಟು ಇಳಿಯಿತು. ನಾನು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಿವಿಯನ್ನು ಮಾತ್ರ ಹಿಂದಿನ ಚಕ್ರಗಳ ಮೇಲೆ ಇಟ್ಟಿದ್ದೆ.

ಕಾಲುವೆ ಸೇತುವೆಗೆ ಹತ್ತುವ ಏರು ಬಂತು. ಟೀಚರ್ ಹೇಳಿದ ಹಾಗೆ ಆಕೆ ಮಧ್ಯದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲಚ್ ಅರ್ಧ ಬಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಿದರು. ಕಾರು ಮುಂದಕ್ಕೆ ಸರಿಯಿತು.

ಗರ್ರ್… ಗರ್ರ್… ಗರ್ರ್…

ಬಲಗಡೆಯ ಹಿಂದಿನ ಚಕ್ರ! ನನ್ನ ಸೀಟಿನ ಅಡಿಯಲ್ಲೇ! ಸತ್ಯವಾಗಿ ಹೇಳುತ್ತೇನೆ, ಯಾವ ಸಂಗೀತ ಕೇಳಿಯೂ ನನಗೆ ಅಷ್ಟು ಆನಂದ ಆದದ್ದಿಲ್ಲ. “ಬಂತು! ಬಂತು!” ಎಂದು ಕೂಗಿಬಿಟ್ಟೆ. ಬಾಯಿ ಬಿಡಲ್ಲ ಎಂದವನು ಕೂಗಿದ್ದಕ್ಕೆ ಹೂವಿನಮ್ಮ ಬೆಚ್ಚಿ ಬ್ರೇಕ್ ಒತ್ತಿದರು, ಶಬ್ದ ನಿಂತಿತು, ಕಾರೂ ನಿಂತಿತು.

“ಈಗ ನಾನು ಓಡಿಸ್ತೀನಿ,” ಎಂದು ನಾನು ಸ್ಟೇರಿಂಗ್ ಹಿಡಿದೆ. ಅದೇ ಏರು, ಅದೇ ಜಾಗ. ನಿಲ್ಲಿಸಿದೆ, ಹೊರಟೆ. ಶಬ್ದ ಇಲ್ಲ. ಮತ್ತೆ ಆಕೆಯನ್ನು ಕೂರಿಸಿದೆ. ಗರ್ರ್. ಮತ್ತೆ ನಾನು. ಇಲ್ಲ. ಮೂರು ಸಲ ಹೀಗೆ ಆಯಿತು. ಮೂರನೇ ಸಲ ನಾನು ಇಳಿಯುವಾಗ ಹೂವಿನಮ್ಮ ನೊಂದುಕೊಂಡು, “ನನ್ ಕಾಲೇ ಸರಿ ಇಲ್ಲ ಬಿಡಿ ಅಣ್ಣ. ನೀವು ನಿನ್ನೆನೇ ಹೇಳಿದ್ರಿ,” ಎಂದರು.

“ಅಮ್ಮಾ, ನಿನ್ನೆ ನೀವೇನೋ ಹೇಳೋಕೆ ಬಂದ್ರಿ, ನಾನು ಬಿಡ್ಲಿಲ್ಲ. ಈಗ ಹೇಳಿ.”

“ಏನಿಲ್ಲ. ಆ ಶಬ್ದ ಬ್ರೇಕ್ ಒತ್ತಿದ್ರೆ ನಿಂತ್ಹೋಗುತ್ತೆ ಅಂತ. ಅದಕ್ಕೇ ಅಲ್ವಾ ನಾನು ಒತ್ತೋದು? ಒಂದ್ಸಲ ಜೋರಾಗಿ ಒತ್ತಿದ್ರೆ ಆಮೇಲೆ ಬರೋದೇ ಇಲ್ಲ, ಮತ್ತೆ ಇನ್ನೊಂದು ಏರು ಬರೋ ತನಕ.”

ನಾನು ಅಲ್ಲೇ ರಸ್ತೆ ಅಂಚಿನಲ್ಲಿ ಕೂತುಬಿಟ್ಟೆ. ಬ್ರೇಕ್ ಶಬ್ದ ಎಂದರೆ ಬ್ರೇಕ್ ಒತ್ತಿದಾಗ ಬರಬೇಕು. ಪ್ಯಾಡು ಸವೆದಿದ್ದರೆ, ಡಿಸ್ಕು ಗೀರಿದ್ದರೆ ಒತ್ತಿದಾಗಲೇ ಕಿರುಚುವುದು. ಒತ್ತಿದರೆ ನಿಲ್ಲುತ್ತದೆ ಎಂದರೆ ಒಳಗೆ ಏನೋ ಸಡಿಲವಾಗಿ ಡ್ರಮ್ಮಿಗೆ ತಾಗುತ್ತಿದೆ, ಕಾಲಿನ ಬ್ರೇಕು ಅದನ್ನು ಎಳೆದು ಜಾಗಕ್ಕೆ ಕೂರಿಸುತ್ತಿದೆ. ಹಾಗಾದರೆ ಅದು ಜಾಗ ಬಿಟ್ಟು ಏಳುವುದು ಯಾವಾಗ?

ಅದಕ್ಕೆ ಉತ್ತರ ಕೊಟ್ಟವರು ಟೀಚರ್. “ಸರ್, ಒಂದು ಮಾತು. ಮೂರು ಸಲನೂ ನೋಡ್ದೆ. ನೀವು ಹ್ಯಾಂಡ್ ಬ್ರೇಕ್ ಮುಟ್ಟಲೇ ಇಲ್ಲ.”

ಹೌದಲ್ಲ ಮಾರಾಯ! ನಾನು ಮುಟ್ಟುವುದೇ ಇಲ್ಲ. ನಮ್ಮ ಗಲ್ಲಿಯ ಯಾವ ಮೆಕ್ಯಾನಿಕ್ಕೂ ಮುಟ್ಟುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಿ ನಾಲ್ಕು ದಿನ ನಿಲ್ಲಿಸಿದರೆ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಸುತ್ತಿಗೆಯಲ್ಲಿ ಬಡಿದು ಬಿಡಿಸಬೇಕು. ಅದಕ್ಕೇ ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುವುದು ನಮ್ಮ ಪದ್ಧತಿ. ಏರಿನಲ್ಲಿ ನಿಂತರೂ ಕ್ಲಚ್ಚಿನಲ್ಲೇ ಹಿಡಿದುಕೊಂಡು ಹೊರಟುಬಿಡುತ್ತೇವೆ. ಟೀಚರೂ ಶಿವಮೊಗ್ಗಕ್ಕೆ ಬರುವಾಗ ದಾರಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆಯುವ ಪ್ರಸಂಗ ಬರುವುದಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೆ ಚಾಚೂ ತಪ್ಪದೆ, ನಿಂತಾಗಲೆಲ್ಲ ಹ್ಯಾಂಡ್ ಬ್ರೇಕ್ ಎಳೆಯುವವರು ಆ ಕಾರಿನಲ್ಲಿ ಕಲಿಯುವವರು ಮಾತ್ರ. ಅವರಲ್ಲೂ ಹೂವಿನಮ್ಮ ಎಳೆಯುವುದು ಬಾವಿಯಿಂದ ಕೊಡ ಎಳೆದಷ್ಟು ಗಟ್ಟಿಯಾಗಿ.

ನಾನು ಕಾರು ಹತ್ತಿ ಹ್ಯಾಂಡ್ ಬ್ರೇಕನ್ನು ಅವರಂತೆಯೇ ಗಟ್ಟಿಯಾಗಿ ಎಳೆದೆ, ಇಳಿಸಿದೆ, ಹೊರಟೆ. ಗರ್ರ್ ಎಂದಿತು. ಕಾಲಿನ ಬ್ರೇಕ್ ಒತ್ತಿದೆ. ಸ್ತಬ್ಧ. ಹೂವಿನಮ್ಮ ರಸ್ತೆ ಬದಿಯಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. “ನಿಮ್ ಕೈಗೂ ಅರಚ್ತು! ನಿಮ್ ಕೈಗೂ ಅರಚ್ತು!”

ಟೀಚರ್ ಮನೆಯ ಅಂಗಳಕ್ಕೆ ಹೋಗಿ ಬಲಗಡೆಯ ಚಕ್ರ ಎತ್ತಿ ಡ್ರಮ್ ತೆಗೆದೆ. ಬುಧವಾರ ಉಜ್ಜಿ ಅಳಿಸಿದ್ದ ಗೆರೆ ಒಂದೇ ದಿನದಲ್ಲಿ ಮತ್ತೆ ಹೊಳೆಯುತ್ತಿತ್ತು. ಹೂವಿನಮ್ಮನನ್ನು ಒಳಗೆ ಕೂರಿಸಿ, “ಎಳೀರಿ… ಬಿಡಿ… ಎಳೀರಿ… ಬಿಡಿ,” ಎನ್ನುತ್ತಾ ಟಾರ್ಚ್ ಹಿಡಿದು ನೋಡಿದೆ. ಎಳೆದಾಗ ಶೂಗಳು ಅಗಲವಾದವು. ಬಿಟ್ಟಾಗ ಹಿಂದಿನ ಶೂ ನೆಟ್ಟಗೆ ವಾಪಸ್ ಬರದೆ ಹೊರಗಡೆಗೆ ವಾಲಿತು. ಅದರ ಜೊತೆ ಇರುವ ಹ್ಯಾಂಡ್ ಬ್ರೇಕಿನ ಲಿವರಿನ ಮೂಲೆ ಮುಂದಕ್ಕೆ ಬಂತು. ಡ್ರಮ್ ಇದ್ದಿದ್ದರೆ ಅದರ ತಳಕ್ಕೆ ತಾಗುತ್ತಿದ್ದ ಜಾಗಕ್ಕೆ ಸರಿಯಾಗಿ.

ಶೂ ವಾಲಬಾರದೆಂದೇ ಅದನ್ನು ಹಿಂದಿನ ತಗಡಿಗೆ ಒತ್ತಿ ಹಿಡಿಯಲು ಒಂದು ಮೊಳೆಯಂಥ ಪಿನ್ನು, ಅದರ ಮೇಲೊಂದು ಗಿಡ್ಡ ಸ್ಪ್ರಿಂಗು, ಮೇಲೆ ಗುಂಡಿಯಷ್ಟು ದೊಡ್ಡ ಮುಚ್ಚಳ ಇರುತ್ತದೆ. ಅದನ್ನು ಒತ್ತಿ ನೋಡಿದೆ. ಸ್ಪ್ರಿಂಗಿನಲ್ಲಿ ಜೀವವೇ ಇರಲಿಲ್ಲ. ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಅದು ಆ ಕಾರಿನ ಸ್ಪ್ರಿಂಗೇ ಅಲ್ಲ. ಬೇರೆ ಯಾವುದೋ ಗಾಡಿಯ ಉದ್ದದ ಸ್ಪ್ರಿಂಗನ್ನು ಕತ್ತರಿಸಿ ಹಾಕಿದ್ದು.

ಯಾರು ಹಾಕಿದ್ದು ಎಂದು ಕೇಳುವ ಅಗತ್ಯ ಇರಲಿಲ್ಲ. ಕತ್ತರಿಸಿದ ತುದಿಯನ್ನು ಒಳಕ್ಕೆ ಮಡಿಸುವ ಅಭ್ಯಾಸ ನನ್ನದು. ಎರಡು ವರ್ಷದ ಹಿಂದೆ ಶೂ ಬದಲಿಸುವಾಗ ಹಳೇ ಸ್ಪ್ರಿಂಗು ಹಾರಿ ಎಲ್ಲೋ ಬಿದ್ದು ಸಿಗಲಿಲ್ಲ. ಸದ್ಯಕ್ಕೆ ಅಡ್ಜಸ್ಟ್ ಮಾಡೋಣ, ಆಮೇಲೆ ಸರಿಯಾದದ್ದು ತಂದು ಹಾಕೋಣ ಎಂದು ಕತ್ತರಿಸಿ ಕೂರಿಸಿದ್ದೆ. ಆ ‘ಆಮೇಲೆ’ ಬರಲೇ ಇಲ್ಲ. ನಾನೇ ಹಾಕಿದ್ದು ಎಂಬ ಕಾರಣಕ್ಕೇ ಬುಧವಾರ ನನ್ನ ಕಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಗಿತ್ತು.

ಸ್ಪ್ರಿಂಗನ್ನು ಜೇಬಿಗೆ ಹಾಕಿಕೊಂಡು, ‘ಸವೆದಿತ್ತು’ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅಲ್ಲಿದ್ದ ಇಬ್ಬರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಗೆ ಮಾಡುವ ಮನಸ್ಸು ಒಂದು ಕ್ಷಣ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹೂವಿನಮ್ಮ ಇನ್ನೂ ಸೀಟಿನಲ್ಲಿ ಕೂತು, ಹ್ಯಾಂಡ್ ಬ್ರೇಕ್ ಹಿಡಿದುಕೊಂಡು, “ಇನ್ನೊಂದ್ಸಲ ಎಳೀಲಾ ಅಣ್ಣಾ?” ಎಂದು ಕೇಳುತ್ತಿದ್ದರು.

“ಟೀಚರ್, ಇದು ನಾನೇ ಹಾಕಿದ್ದು. ತಪ್ಪು ಸ್ಪ್ರಿಂಗು,” ಎಂದೆ.

ಟೀಚರ್ ಅದನ್ನು ತೆಗೆದುಕೊಂಡು ನೋಡಿದರು. “ನನಗೆ ಹೇಳಿದ್ರೆ ಆಯ್ತಾ ಸರ್? ನಿನ್ನೆ ಯಾರ ತಲೆಗೆ ಕಟ್ಟಿದ್ರೋ ಅವರಿಗೆ ಹೇಳಿ.”

ಹೇಳಿದೆ. ಗ್ರೀಸ್ ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ತಪ್ಪೊಪ್ಪಿಕೊಂಡವರ ಹಾಗೆ ನಿಂತು ಹೇಳಿದೆ. “ನಿಮ್ಮ ಕಾಲು ಸರಿಯಾಗೇ ಇದೆ ಅಮ್ಮಾ. ನನ್ನ ಕೆಲಸ ಸರಿ ಇರಲಿಲ್ಲ. ನಿನ್ನೆ ನಿಮ್ಮ ಮಾತು ಕೇಳದೇ ಇದ್ದದ್ದೂ ತಪ್ಪೇ.”

ಹೂವಿನಮ್ಮ ಸ್ಪ್ರಿಂಗನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಇಷ್ಟೇ ಇಷ್ಟು! ಇದಕ್ಕೆ ನಾನು ನಾಲ್ಕು ತಿಂಗಳು ಅತ್ತಿದೀನಲ್ಲಪ್ಪಾ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಸರಿಯಾದ ಸ್ಪ್ರಿಂಗು ಸಿಗಬೇಕಿತ್ತು. ಗೊತ್ತಿದ್ದ ಅಂಗಡಿಗಳಿಗೆಲ್ಲ ಫೋನಾಯಿಸಿದೆ. ಅಷ್ಟು ಹಳೇ ಮಾಡೆಲ್ಲಿನದು ಯಾರ ಹತ್ತಿರವೂ ಇಲ್ಲ, ತರಿಸಿದರೆ ಶನಿವಾರ ಎಂದರು. ಟರ್ನರಿಗೂ ಫೋನ್ ಮಾಡಿದೆ. ಅವರು ನಕ್ಕಿದ್ದೇ ನಕ್ಕಿದ್ದು.

“ಗರ್ ಅನ್ನಲ್ಲ ಅಂದೆನಾ ಇಲ್ವಾ? ತಗೊಂಡು ಬಾರಪ್ಪಾ, ಎಂಥದೋ ಒಂದು ಸ್ಪ್ರಿಂಗ್ ಕಟ್ ಮಾಡಿ ಕೊಡ್ತೀನಿ. ನಾಳೆ ಒಂದು ದಿನಕ್ಕೆ ತಾನೇ?”

ಆಸೆಯಾಯಿತು. ಹತ್ತು ನಿಮಿಷದ ದಾರಿ, ಅರ್ಧ ಗಂಟೆಯ ಕೆಲಸ. ಆದರೆ ಎರಡು ವರ್ಷದ ಹಿಂದೆಯೂ ನಾನು ಅಂದುಕೊಂಡದ್ದು ಇದನ್ನೇ. “ಬೇಡ ಅಣ್ಣಾ, ಇನ್ನೊಂದು ಅಡ್ಜಸ್ಟ್‌ಮೆಂಟ್ ಬೇಡ,” ಎಂದೆ. ಹಾಗೆ ಹೇಳುತ್ತಿರುವಾಗಲೇ ಹೊಳೆಯಿತು. ನನ್ನ ಮನೆ ಮುಂದೆ ನಿಂತಿರುವ ನನ್ನ ಸ್ವಂತ ಕಾರೂ ಅದೇ ಮಾಡೆಲ್ಲು!

ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ನಮ್ಮ ಕಾರಿನ ಎರಡೂ ಹಿಂಚಕ್ರ ಬಿಚ್ಚಿ ಇಟ್ಟಿಗೆ ಮೇಲೆ ಕೂರಿಸಿದ್ದೆ. “ಭಾನುವಾರ ಮದುವೆಗೆ ಹೋಗೋದು ಹೇಗೆ?” ಎಂದಳು. “ಬಸ್ಸಲ್ಲಿ,” ಎಂದೆ. ಹಿಂದಿನ ದಿನ ಆ ತಪ್ಪು ಸ್ಪ್ರಿಂಗನ್ನೇ ಮತ್ತೆ ಕೂರಿಸಿ ಮುಚ್ಚಿದ್ದ ಕಾರನ್ನು ಹ್ಯಾಂಡ್ ಬ್ರೇಕ್ ಮುಟ್ಟದೆ ಓಡಿಸಿಕೊಂಡು, ಏಳೂವರೆಗೆ ಟೀಚರ್ ಮತ್ತು ಹೂವಿನಮ್ಮ ಗ್ಯಾರೇಜಿಗೆ ಬಂದರು. ನನ್ನ ಕಾರಿನ ಸ್ಪ್ರಿಂಗು, ಪಿನ್ನು, ಮುಚ್ಚಳಗಳನ್ನು ಎರಡೂ ಕಡೆಗೆ ಹಾಕಿದೆ. ಬಲಗಡೆಯ ಲಿವರಿನ ಮೂಲೆ ತಾಗಿ ತಾಗಿ ಮುಳ್ಳಿನ ಹಾಗಾಗಿತ್ತು, ಅದನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ. ಡ್ರಮ್ ಮುಚ್ಚುವ ಮೊದಲು ಹೂವಿನಮ್ಮನಿಂದ ಇಪ್ಪತ್ತು ಸಲ ಹ್ಯಾಂಡ್ ಬ್ರೇಕ್ ಎಳೆಸಿದೆ. ಶೂ ಒಂದು ಸಲವೂ ವಾಲಲಿಲ್ಲ. ಮುಚ್ಚಿ ಚಕ್ರ ಹಾಕಿದೆ, ಗಲ್ಲಿಯಲ್ಲಿ ನಾಲ್ಕು ಸುತ್ತು ಹೂವಿನಮ್ಮನೇ ಓಡಿಸಿದರು. ಕಾರು ಪಿಟಕ್ಕೆನ್ನಲಿಲ್ಲ.

“ಶಬ್ದ ಇಲ್ದೆ ಇನ್ನೂ ಭಯ ಆಗ್ತಿದೆ,” ಎಂದರು ಹೂವಿನಮ್ಮ.

ಟೆಸ್ಟಿಗೆ ನಾನೂ ಹೋದೆ. ನನಗಲ್ಲಿ ಏನು ಕೆಲಸ ಎಂದು ಟೀಚರ್ ಕೇಳಲಿಲ್ಲ. ಹತ್ತೂವರೆಗೆ ಹೂವಿನಮ್ಮನ ಸರದಿ ಬಂತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೆಲ್ಟ್ ಹಾಕಿ ಕೂತರು. ಪಕ್ಕದಲ್ಲಿ ಇನ್ಸ್‌ಪೆಕ್ಟರು, ಕೈಯಲ್ಲಿ ಹಾಳೆ. ಎಂಟರ ಆಕಾರದ ದಾರಿ ಮುಗಿಸಿದರು, ಹಿಂದಕ್ಕೆ ತೆಗೆದು ನಿಲ್ಲಿಸಿದರು. ಕೊನೆಗೆ ಏರು. ಮಧ್ಯದಲ್ಲಿ ಕಾರು ನಿಂತಿತು. ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ. ಟೀಚರ್ ನನ್ನ ತೋಳನ್ನು ಹಿಡಿದಿದ್ದರು, ಅದು ನನ್ನ ತೋಳು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಕಾರು ಒಂದು ಬೆರಳಷ್ಟೂ ಹಿಂದೆ ಸರಿಯಲಿಲ್ಲ. ಮೆಲ್ಲಗೆ ಮುಂದೆ ಸಾಗಿ, ಏರು ಹತ್ತಿ, ಆ ಕಡೆ ಇಳಿಯಿತು. ಹೊರಟ ಮೇಲೆ ಹಿಂದಿನ ದೀಪ ಕೆಂಪಾಗಲೇ ಇಲ್ಲ. ಅಂದರೆ ಅವರ ಕಾಲು ಬ್ರೇಕಿಗೆ ಹೋಗಲೇ ಇಲ್ಲ. ಟೀಚರ್ ಅಲ್ಲೇ ಕುಣಿದುಬಿಟ್ಟರು, ನನಗೂ ಕಣ್ಣು ಒದ್ದೆಯಾಯಿತು.

ಇನ್ಸ್‌ಪೆಕ್ಟರು ಇಳಿದು ಬಂದು, ಹಾಳೆಯಲ್ಲಿ ಗುರುತು ಹಾಕುತ್ತಾ ಹಿಂದಿನ ಎರಡು ಟೆಸ್ಟುಗಳ ಫಲಿತಾಂಶ ನೋಡಿದರು.

“ಇಷ್ಟು ಚೆನ್ನಾಗಿ ಓಡಿಸ್ತೀರಲ್ಲಮ್ಮ, ಎರಡು ಸಲ ಯಾಕೆ ಫೇಲಾದ್ರಿ?”

ಹೂವಿನಮ್ಮ ತಿರುಗಿ, ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನರ ಎದುರಿಗೆ ನನ್ನ ಕಡೆ ಕೈ ತೋರಿಸಿದರು.

“ನಾನಲ್ಲ ಸಾರ್ ಫೇಲಾಗಿದ್ದು. ಅಗೋ, ಅವರು.”

ಇನ್ಸ್‌ಪೆಕ್ಟರು ನನ್ನನ್ನು ನೋಡಿದರು. “ಹೌದು ಸರ್,” ಎಂದೆ, “ನಾನೇ.”